ದಂಡಿನ ಚೀಟಿಗಳು

ಕಾಗದದ ಹಣವನ್ನು ಸಂಗ್ರಹಿಸುವ ಹವ್ಯಾಸಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ವಿವಾದವುಂಟು. ಎರಡನೆಯ ಮಹಾಯುದ್ಧ ಮುಗಿದ ತರುವಾಯ, ಪರದೇಶಗಳಲ್ಲಿ ಬೀಡುಬಿಟ್ಟಿದ್ದ ಸೈನ್ಯಗಳಿಗೆ ಅವುಗಳ ಸರ್ಕಾರಗಳು ನಗದಿನ ಬದಲಾಗಿ ಹಂಚಿದ ಚೀಟಿಗಳನ್ನು ನೋಟುಗಳೆಂದು ಎಣಿಸಬಹುದೆ, ಕೂಡದೆ ಎಂಬುದೇ ಆ ವಿವಾದ. ಬ್ರಿಟಿಷರು ಅವನ್ನು ವೋಚರುಗಳೆಂದರು, ಅಮೆರಿಕದವರು ಸರ್ಟಿಫಿಕೇಟುಗಳೆಂದರು. ನಾವು ಈ ಭಾಷಣದಲ್ಲಿ ಅವುಗಳನ್ನು ದಂಡಿನ ಚೀಟಿಗಳೆಂದು ಕರೆಯುವೆವು.

ಒಂದು ಪಕ್ಷದವರು ಹೇಳುವುದೇನೆಂದರೆ: ನೋಟೆಂಬುದು ಅದನ್ನು ಹಿಡಿದು ತಂದವನು ಯಾರೇ ಆಗಿರಲಿ ಅವನಿಗೆ ಸಲ್ಲತಕ್ಕದ್ದು, ಸಿಪಾಯಿಯ ಕೈಯಲ್ಲಿದ್ದಾಗ ಹಣವಾಗಿಯೂ ಬೀದಿಯವನ ಕೈಗೆ ಬಂದಾಗ ಬರಿಯ ಕಾಗದವಾಗಿಯೂ ಇರುವ ವಸ್ತು ನೋಟಲ್ಲ, ಅದು ಊಟದ ಮನೆಯ ಟಿಕೀಟಿನ ಜಾತಿಗೆ ಸೇರಿದ್ದು. ಇನ್ನೊಂದು ಪಕ್ಷದವರ ವಾದ ಬೇರೆ. ಸಂಬಳವಾಗಿ ಸಂದು, ಸಾಬೂನು ಸಿಗರೇಟುಗಳನ್ನು ಕೊಂಡು, ಗೆಳೆಯನ ಸಾಲ ತೀರಿಸಿ, ಇಸ್ಪೀಟಿನ ಮೇಜಿನಲ್ಲಿ ಹತ್ತು ಕೈ ಬದಲಾಯಿಸಿದ ಕಾಗದ ಹಣವಲ್ಲದೆ ಮತ್ತೇನು ಎಂದು ಅವರು ಕೇಳುತ್ತಾರೆ. ಆಲ್ಬರ್ಟ್ ಪಿಕ್ ಎಂಬ ಜರ್ಮನ್ ವಿದ್ವಾಂಸನ ಹೆಸರಿನಿಂದ ಪ್ರಸಿದ್ಧವಾದ ಲೋಕದ ನೋಟುಗಳ ಪಟ್ಟಿಯು ಮಧ್ಯಮಾರ್ಗವೊಂದನ್ನು ಹಿಡಿದಿದೆ: ಈ ಚೀಟಿಗಳನ್ನು ಪಟ್ಟಿಯೊಳಕ್ಕೆ ಸೇರಿಸಿಕೊಂಡಿದೆ, ಆದರೆ ಅವುಗಳ ಸಂಖ್ಯೆಯ ಹಿಂದೆ ‘ಎಂ’ ಎಂಬ ಅಕ್ಷರವನ್ನು ಇಟ್ಟು ಬೇರೆ ಪಂಕ್ತಿಯಲ್ಲಿ ಕೂರಿಸಿದೆ. ನಮ್ಮ ಮತವು ಎರಡನೆಯ ಪಕ್ಷದ ಕಡೆಗೆ. ಅದಕ್ಕೆ ಕಾರಣಗಳನ್ನು ಮುಂದೆ ನಿವೇದಿಸುವೆವು.

ನಾವು ಕುಮಟೆಯ ಬಳಿಯ ಬಾಡ ಎಂಬ ಕಡಲತಡಿಯ ಗ್ರಾಮದವರು. ಹೊನ್ನಾವರ, ಭಟ್ಕಳ, ಕುಮಟೆಗಳ ನಮ್ಮ ಸೀಮೆಯವರಿಗೆ ಹಣಕ್ಕೂ ಗಡಿಯುಂಟೆಂಬುದು ಹೊಸ ಮಾತೇನಲ್ಲ. ಕಾರವಾರದಿಂದ ಉತ್ತರಕ್ಕೆ ಕೆಲವೇ ಮೈಲಿ ನಡೆದರೆ ಗೋವೆ. ಅಲ್ಲಿ 1961ರ ಡಿಸೆಂಬರಿನವರೆಗೆ ಪೋರ್ತುಗೀಸರ ಆಳಿಕೆ, ಬಾಂಕು ನಾಸಿಯೊನಾಲ್ ಉಲ್ತ್ರಮರಿನು ಎಂಬ ಬ್ಯಾಂಕಿನ ನೋಟು. ಗಡಿಯ ಆಚೆಯಲ್ಲಿ ಅಕ್ಕಿ ಕೊಳ್ಳಬಹುದಾದ ಕಾಗದವು ಈಚೆಯಲ್ಲಿ ಬೆಲೆಯಿಲ್ಲದ್ದು. ಈ ಗಡಿಯನ್ನು ರಾಜ್ಯಗಳು ಹಾಕಿದ್ದುವು. ಆದುದರಿಂದ ಅದು ಸಹಜವೆಂದು ನಮಗೆ ತೋರುತ್ತದೆ. ದಂಡಿನ ಚೀಟಿಯಲ್ಲಿಯಾದರೋ ಗಡಿಯು ನೆಲದ ಮೇಲೆ ಇಲ್ಲ, ಮನುಷ್ಯರ ನಡುವೆ ಇದೆ. ಒಂದೇ ಊರು, ಒಂದೇ ಬೀದಿ. ಸಮವಸ್ತ್ರ ತೊಟ್ಟವನಿಗೆ ಚೀಟಿ ಹಣ, ಪಕ್ಕದಲ್ಲಿ ನಿಂತವನಿಗೆ ಅಲ್ಲ. ಇಂಥ ವಿಚಿತ್ರವಾದ ಹಣವನ್ನು ಸರ್ಕಾರಗಳು ಏಕೆ ಸೃಷ್ಟಿಸಿದುವು?

ಉತ್ತರವು 1945ರ ಜರ್ಮನಿಯಲ್ಲಿದೆ. ಗೆದ್ದ ಸೈನ್ಯಗಳು ಜರ್ಮನಿಯನ್ನು ಹೊಕ್ಕಾಗ ತಮ್ಮೊಡನೆ ತಾವೇ ಅಚ್ಚು ಹಾಕಿಸಿದ ಮಾರ್ಕು ನೋಟುಗಳನ್ನು ಒಯ್ದುವು. ಈ ಮಿತ್ರಸೇನಾ ಮಾರ್ಕುಗಳು ಸಿಪಾಯಿಗೂ ಜರ್ಮನಿಯ ಪ್ರಜೆಗೂ ಸಮಾನವಾಗಿ ಸಲ್ಲತಕ್ಕವಾಗಿದ್ದುವು. ಅಮೆರಿಕದ ಒಂದು ಡಾಲರಿಗೆ 10 ಮಾರ್ಕು, ಬ್ರಿಟನ್ನಿನ ಒಂದು ಪೌಂಡಿಗೆ 40 ಮಾರ್ಕು ಎಂದು ದರವನ್ನು ಗೊತ್ತುಮಾಡಿದ್ದರು. ಇಲ್ಲಿಯೇ ತೊಡಕು ಹುಟ್ಟಿಕೊಂಡಿತು. ಸೋತ ದೇಶದಲ್ಲಿ ಸಾಮಾನಿಲ್ಲ, ನೋಟು ಮಾತ್ರ ಯಥೇಚ್ಛ. ಸಿಪಾಯಿಗೆ ಸಿಗರೇಟು ಅಲ್ಪಬೆಲೆಗೆ ಅಥವಾ ಧರ್ಮಾರ್ಥವಾಗಿ ಸಿಕ್ಕುತ್ತಿತ್ತು. ಕಾಳಸಂತೆಯಲ್ಲಿ ಅದಕ್ಕೆ ಕೊಟ್ಟಷ್ಟೂ ಬೆಲೆ. ಒಂದು ಸಿಗರೇಟಿಗೆ ಐದೇ ಮಾರ್ಕು ಎಂದು ಲೆಕ್ಕ ಹಿಡಿದರೂ ಎಂಟು ಸಿಗರೇಟುಗಳಿಗೆ 40 ಮಾರ್ಕು ಆಯಿತು. ಆ 40 ಮಾರ್ಕುಗಳನ್ನು ಕ್ಯಾಂಟೀನಿನಲ್ಲಿಯೋ ಸೇನೆಯ ಅಂಚೆಯ ಕಚೇರಿಯಲ್ಲಿಯೋ ಕಟ್ಟಿದರೆ ಅವು ಒಂದು ಅಪ್ಪಟ ಪೌಂಡಾಗಿ ಮಾರ್ಪಡುತ್ತಿದ್ದುವು! ಸಿಪಾಯಿಯು ಎಂಟು ಸಿಗರೇಟುಗಳನ್ನು ಸೇದದೆ ಬಿಟ್ಟುದಕ್ಕಾಗಿ ಬ್ರಿಟಿಷ್ ಬೊಕ್ಕಸವು ಒಂದು ಪೌಂಡನ್ನು ತೆತ್ತಂತಾಯಿತು. ಹೀಗೆ ಸೋರಿಹೋದುದು ಕೋಟಿಗಟ್ಟಲೆ ಪೌಂಡು. 1947ರಲ್ಲಿ ಪಾರ್ಲಿಮೆಂಟಿನಲ್ಲಿ ಈ ವಿಷಯವಾಗಿ ಬಹಳ ಗಲಭೆಯೆದ್ದಿತು.

ಅಮೆರಿಕದವರ ಕಷ್ಟ ಇದಕ್ಕಿಂತ ಒಂದು ತೂಕ ಹೆಚ್ಚು. ಮಿತ್ರಸೇನಾ ಮಾರ್ಕುಗಳನ್ನು ಅಚ್ಚು ಹಾಕುವ ಪಡಿಯಚ್ಚುಗಳನ್ನು ಅವರು 1944ರಲ್ಲಿ ರಷ್ಯಕ್ಕೂ ಕೊಟ್ಟಿದ್ದರು. ರಷ್ಯದವರು ತಮ್ಮ ಸಿಪಾಯಿಗಳ ಹಿಂದಣ ಸಂಬಳವನ್ನೆಲ್ಲ ಆ ನೋಟುಗಳಲ್ಲಿಯೇ ಧಾರಾಳವಾಗಿ ಎಣಿಸಿಕೊಟ್ಟರು. ಅವು ಕೈಗಡಿಯಾರಕ್ಕೆಂದೂ ಸಿಗರೇಟಿಗೆಂದೂ ಅಮೆರಿಕದ ಸಿಪಾಯಿಗಳ ಕೈಸೇರಿ, ಅಲ್ಲಿಂದ ಡಾಲರುಗಳಾಗಿ ಸಮುದ್ರವನ್ನು ದಾಟಿದುವು. ಸಂಗ್ರಾಹಕರು ಇಂದಿಗೂ ಈ ಎರಡು ಬಗೆಗಳನ್ನು ಬೇರ್ಪಡಿಸಬಲ್ಲರು: ರಷ್ಯದ ಅಚ್ಚಿನ ನೋಟಿನಲ್ಲಿ ಕ್ರಮಸಂಖ್ಯೆಯ ಮೊದಲಲ್ಲಿ ಒಂದು ಸಣ್ಣ ಅಡ್ಡಗೆರೆ ಇರುತ್ತದೆ. ಬೆರಳುಗುರಿನ ತುದಿಯಷ್ಟು ಉದ್ದದ ಆ ಗೆರೆಯ ಹಿಂದೆ ಒಂದು ದೇಶದ ಖಜಾನೆಯ ನಷ್ಟವಿದೆ ಎಂಬುದನ್ನು ನೆನೆದಾಗ, ಈ ಹವ್ಯಾಸವನ್ನು ಮಕ್ಕಳಾಟವೆಂದು ಹಳಿಯುವವರ ವಿಷಯದಲ್ಲಿ ನಮಗೆ ಮರುಕವುಂಟಾಗುತ್ತದೆ.

ಸೋರಿಕೆಯನ್ನು ನಿಲ್ಲಿಸಲು ಎರಡು ಸರ್ಕಾರಗಳೂ 1946ರಲ್ಲಿ ಒಂದೇ ಉಪಾಯವನ್ನು ಹೂಡಿದುವು. ಸಿಪಾಯಿಗೆ ಊರಿನ ಹಣವೇ ಬೇಡ. ಅವನ ಸಂಬಳವು ಅವನ ಸ್ವದೇಶದ ನಾಣ್ಯದ ಲೆಕ್ಕದಲ್ಲಿಯೇ ಇರಲಿ, ಆದರೆ ಪಾಳೆಯದ ಒಳಗೆ ಮಾತ್ರ ಸಲ್ಲುವ ಚೀಟಿಗಳ ರೂಪದಲ್ಲಿರಲಿ. ಮಾರ್ಕನ್ನು ಚೀಟಿಯಾಗಿ ಪರಿವರ್ತಿಸುವ ಮಾರ್ಗವನ್ನೇ ಮುಚ್ಚಿಬಿಟ್ಟರೆ, ಕಾಳಸಂತೆಯಲ್ಲಿ ಗಳಿಸಿದ ಮಾರ್ಕು ಕಾಳಸಂತೆಯಲ್ಲಿಯೇ ಉಳಿಯಬೇಕಾಗುತ್ತದೆ. ಬ್ರಿಟಿಷರ ಚೀಟಿಗಳು ಮೂರು ಪೆನ್ಸಿನಿಂದ ಒಂದು ಪೌಂಡಿನವರೆಗೆ ಏಳು ಬೆಲೆಗಳಲ್ಲಿ ಹೊರಟುವು: ಮೂರು ಪೆನ್ಸು, ಆರು ಪೆನ್ಸು, ಒಂದು ಷಿಲಿಂಗು, ಎರಡೂವರೆ ಷಿಲಿಂಗು, ಐದು, ಹತ್ತು, ಮತ್ತು ಒಂದು ಪೌಂಡು. ಅವುಗಳ ಮೇಲೆ ಬ್ಯಾಂಕಿನ ಹೆಸರಿಲ್ಲ. ‘ಬ್ರಿಟಿಷ್ ಸಶಸ್ತ್ರ ಸೇನೆಗಳು, ವಿಶೇಷ ವೋಚರು’ ಎಂಬ ಅರ್ಥದ ಮಾತುಗಳು ಮಾತ್ರ. ಎರಡನೆಯ ಸರಣಿ 1948ರಲ್ಲಿ ಬಂದಿತು. ಆಮೇಲೆ ಬೇರೆ ಬೇರೆ ಸರಣಿಗಳು ಹೊರಟು, 1972ರ ಸುಮಾರಿಗೆ ಹೊಸ ಪೆನ್ಸಿನ ಲೆಕ್ಕದ ಚೀಟಿಗಳೂ ಆದುವು.

ಅಮೆರಿಕದ ಚೀಟಿಗಳು ಇನ್ನೂ ವರ್ಣರಂಜಿತವಾದುವು. ಐದು ಸೆಂಟಿನಿಂದ ಇಪ್ಪತ್ತು ಡಾಲರಿನವರೆಗೆ ಎಲ್ಲವೂ ಕಾಗದವೇ, ಚಿಲ್ಲರೆಗೂ ಲೋಹವಿಲ್ಲ. ಮೊದಲನೆಯ ಸರಣಿಯ ಹೆಸರು 461. ಇದರಲ್ಲಿ ಗೂಢವೇನೂ ಇಲ್ಲ: 46ನೆಯ ಇಸವಿಯ ಒಂದನೆಯ ಸರಣಿ ಎಂದಷ್ಟೇ ಅರ್ಥ. ಅಲ್ಲಿಂದ 692 ಎಂಬ ಸರಣಿಯವರೆಗೆ, 1973ರ ತನಕ, ಯುರೋಪು, ಜಪಾನು, ಕೊರಿಯಾ, ವಿಯೆಟ್ನಾಮುಗಳಲ್ಲಿ ಒಟ್ಟು ಹದಿಮೂರು ಸರಣಿಗಳು ಚಲಾವಣೆಯನ್ನು ಕಂಡುವು. ಇಷ್ಟು ಸರಣಿಗಳೇಕೆಂದು ಶ್ರೋತೃಗಳು ಕೇಳಬಹುದು. ಚೀಟಿಯು ಪಾಳೆಯದ ಬೇಲಿಯನ್ನು ದಾಟಕೂಡದೆಂದು ಎಷ್ಟು ನಿಯಮಗಳಿದ್ದರೂ ಅದು ದಾಟುತ್ತಿತ್ತು. ಬೇಲಿಯಾಚೆಯ ಅಂಗಡಿಯವನೂ ಅಗಸನೂ ಅದನ್ನು ಸ್ವೀಕರಿಸುತ್ತಿದ್ದರು. ಸಿಪಾಯಿಯೊಬ್ಬನ ಮೂಲಕ ಅದನ್ನು ಸಾಮಾನಾಗಿ ಮಾರ್ಪಡಿಸಿಕೊಳ್ಳಬಹುದೆಂಬ ನಂಬಿಕೆ ಅವರಿಗೆ. ಈ ಕಾರಣದಿಂದ ಸೇನೆಯು ಆಗಾಗ್ಗೆ ‘ಬದಲಿಕೆಯ ದಿನ’ವನ್ನು ಏರ್ಪಡಿಸುತ್ತಿತ್ತು. ಆ ದಿನವು ಯಾವುದೆಂಬುದನ್ನು ಮುಂಚಿತವಾಗಿ ಯಾರಿಗೂ ತಿಳಿಸುತ್ತಿರಲಿಲ್ಲ. ಒಂದು ಬೆಳಗ್ಗೆ ಪಾಳೆಯದ ಬಾಗಿಲುಗಳನ್ನೆಲ್ಲ ಮುಚ್ಚುವರು. ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಸಿಪಾಯಿಗಳು ಸಾಲಾಗಿ ನಿಂತು ಹಳೆಯ ಚೀಟಿಗಳನ್ನು ಕೊಟ್ಟು ಹೊಸ ಸರಣಿಯ ಚೀಟಿಗಳನ್ನು ಪಡೆಯುವರು. ಆ ಗಡುವು ಕಳೆದಮೇಲೆ ಹಳೆಯ ಚೀಟಿಗೆ ಕವಡೆಯ ಬೆಲೆಯೂ ಇಲ್ಲ. ಬೇಲಿಯ ಹೊರಗೆ ನಿಂತು ಕೈಯಲ್ಲಿ ಹಳೆಯ ಚೀಟಿಗಳ ಕಟ್ಟನ್ನು ಹಿಡಿದವನ ಪಾಡನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು.

ಇಂದು ಮಾರುಕಟ್ಟೆಯಲ್ಲಿ ದೊರೆಯುವ ಹಳೆಯ ಸರಣಿಗಳ ಚೀಟಿಗಳಲ್ಲಿ ಬದಲಿಕೆಯ ದಿನವನ್ನು ತಪ್ಪಿಸಿಕೊಂಡುವು ಎಷ್ಟೋ ಇವೆ. ಕೆಲವನ್ನು ಸಿಪಾಯಿಯು ನೆನಪಿಗೆಂದು ಉಳಿಸಿಕೊಂಡನು. ಇನ್ನು ಕೆಲವು ಬೇಲಿಯ ಹೊರಗೆ ಸಿಕ್ಕಿಬಿದ್ದವರ ಪೆಟ್ಟಿಗೆಗಳಲ್ಲಿ ಉಳಿದುವು. ನೋಡುವುದಕ್ಕೆ ಎರಡೂ ಒಂದೇ. ಯಾವುದು ಯಾರದೆಂದು ಹೇಳಬಲ್ಲುದು ಚೀಟಿಯಲ್ಲ, ಅದರೊಡನೆ ಬಂದ ಕಥೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುವೆವು. ಮುಂದೆ ಇದರಿಂದ ಪ್ರಯೋಜನವುಂಟು.

ಈ ಉಪಾಯವು 1946ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲವೆಂಬುದು ನಮ್ಮ ನಾಡಿನ ಚರಿತ್ರೆಯಿಂದಲೇ ತಿಳಿದುಬರುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸೊಪೊಟೇಮಿಯದಲ್ಲಿ ಸೆರೆಸಿಕ್ಕ ತುರ್ಕರನ್ನು ಬಳ್ಳಾರಿಯ ಶಿಬಿರದಲ್ಲಿ ಇರಿಸಿದ್ದರು. ಶತ್ರುದೇಶಗಳ ನಾಗರಿಕರಿಗೆ ಬೆಳಗಾವಿಯಲ್ಲಿ ಒಂದು ಶಿಬಿರವಿತ್ತು. ರೆಡ್ ಕ್ರಾಸಿನ ಪ್ರತಿನಿಧಿಗಳು 1917ರಲ್ಲಿ ಇವೆರಡನ್ನೂ ಸಂದರ್ಶಿಸಿದರು. ಎರಡನೆಯ ಯುದ್ಧದಲ್ಲಿ, 1941ರಿಂದ ಮೊದಲುಗೊಂಡು, ಉತ್ತರ ಆಫ್ರಿಕದಲ್ಲಿ ಸೆರೆಯಾದ ಇಟಲಿಯ ಸಿಪಾಯಿಗಳು ಅರವತ್ತು ಸಾವಿರಕ್ಕೂ ಮಿಕ್ಕಿ ಭಾರತಕ್ಕೆ ಬಂದರು. ಅವರಲ್ಲಿ ಅನೇಕರನ್ನು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. 1929ರ ಜಿನೀವ ಒಪ್ಪಂದದ ಮೇರೆಗೆ ಸೆರೆಯಾಳುಗಳಿಗೆ ಕ್ಯಾಂಟೀನು ಇರತಕ್ಕದ್ದು, ಅಧಿಕಾರಿಗಳಿಗೆ ಸಂಬಳ ಸಲ್ಲತಕ್ಕದ್ದು. ಆದರೆ ಕೈಯಲ್ಲಿ ಎಷ್ಟು ಹಣವಿರಬಹುದೆಂಬುದನ್ನು ಸೆರೆಯಲ್ಲಿಟ್ಟ ಸರ್ಕಾರವು ಗೊತ್ತುಮಾಡಬಹುದು. ನಿಜವಾದ ರೂಪಾಯಿಯನ್ನು ಕೊಟ್ಟರೆ ಅದು ರೈಲಿನ ಟಿಕೀಟಾಗಬಹುದು, ಕಾವಲುಗಾರನಿಗೆ ಲಂಚವಾಗಬಹುದು. ಆದಕಾರಣ ಭಾರತದ ಸೆರೆಶಿಬಿರಗಳಲ್ಲಿ ಆಣೆ ರೂಪಾಯಿಗಳ ಲೆಕ್ಕದ ಕೂಪನುಗಳು ನಡೆಯುತ್ತಿದ್ದುವು. ಅವು ಶಿಬಿರದ ತಂತಿಬೇಲಿಯೊಳಗೆ ಹಣ, ಹೊರಗೆ ಕಸ.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ಹೊಳೆಯುವುದು ಇದು: ಸೆರೆಯಾಳಿಗಾಗಿ ಹೂಡಿದ ಉಪಾಯವನ್ನೇ ಗೆದ್ದ ಸರ್ಕಾರಗಳು ತಮ್ಮ ಸ್ವಂತ ಸಿಪಾಯಿಗೂ ಅನ್ವಯಿಸಿದುವು. ಒಬ್ಬನು ಓಡಿಹೋಗದಿರಲೆಂದು ಒಂದು ಚೀಟಿ, ಇನ್ನೊಬ್ಬನು ವ್ಯಾಪಾರ ಮಾಡದಿರಲೆಂದು ಒಂದು ಚೀಟಿ. ಸಾಮಾನ್ಯವಾದ ನೋಟು ಯಾರೆಂದು ಕೇಳದೆ ಎಲ್ಲರಿಗೂ ಸಲ್ಲುವೆನೆಂದು ಭಾಷೆ ಕೊಡುತ್ತದೆ. ದಂಡಿನ ಚೀಟಿಯೂ ಭಾಷೆ ಕೊಡುತ್ತದೆ. ಆದರೆ ಇಂಥವನಿಗೆ, ಇಂಥ ಎಡೆಯಲ್ಲಿ, ಇಂಥ ದಿನದವರೆಗೆ ಎಂದು ಅದನ್ನು ಬೇಕೆಂದೇ ಕಿರಿದುಮಾಡುತ್ತದೆ. ಭಾಷೆಯು ಕಿರಿದಾದ ಮಾತ್ರಕ್ಕೆ ಅದು ಭಾಷೆಯಲ್ಲವೆಂದು ಹೇಳಲಾಗದಷ್ಟೆ? ಇದೇ ಕಾರಣದಿಂದ ನಾವು ಅದನ್ನು ನೋಟೆಂದೇ ಎಣಿಸುವೆವು; ಮತ್ತು ಸಾಧಾರಣ ನೋಟಿನಲ್ಲಿ ಯಾರೂ ಓದದ ಆ ಷರತ್ತಿನ ಸಾಲುಗಳನ್ನು ಇಲ್ಲಿ ಮೊತ್ತಮೊದಲು ಓದುವೆವು.

ಇವೆಲ್ಲ ಯುರೋಪಿನ ಸಂಗತಿಗಳು, ಕನ್ನಡಿಗರಿಗೆ ಇವುಗಳ ಗೊಡವೆ ಏತಕ್ಕೆ ಎಂದು ಯಾರಾದರೂ ಕೇಳಿದರೆ, ನಾವು ಬೆಳಗಾವಿಯ ಕಡೆಗೆ ಬೆರಳು ತೋರಿಸುವೆವು. ಮರಾಠಾ ಲಘು ಪದಾತಿ ದಳದ ಕೇಂದ್ರವು 1922ರಿಂದ ಅಲ್ಲಿದೆ. ಆ ದಳದ ಒಂದನೆಯ ಪಲ್ಟನು ಎಂಟನೆಯ ಭಾರತೀಯ ಡಿವಿಜನಿನಲ್ಲಿದ್ದು ಇಟಲಿಯಲ್ಲಿ ಹೋರಾಡಿತು. 1945ರ ಏಪ್ರಿಲ್ 9ರಂದು ಸೆನಿಯೊ ನದಿಯ ತಡಿಯಲ್ಲಿ ತೋರಿದ ಪರಾಕ್ರಮಕ್ಕಾಗಿ ಅದರ ಸಿಪಾಯಿ ನಾಮದೇವ ಜಾಧವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಇಟಲಿಯಲ್ಲಿ ನಡೆಯುತ್ತಿದ್ದ ಹಣ ಮಿತ್ರಸೇನೆಯ ಲಿರೆ, 1943ರಲ್ಲಿ ಸಿಸಿಲಿಯ ದಂಡಯಾತ್ರೆಗಾಗಿ ಸಿದ್ಧಪಡಿಸಿದ್ದು. ಮರುವರ್ಷವೇ ಇದೇ ಪಲ್ಟನು ಜಪಾನಿಗೆ ಹೋಯಿತು. ಅಲ್ಲಿ ಕಾಮನ್‌ವೆಲ್ತಿನ ಆಕ್ರಮಣ ಸೇನೆಯಲ್ಲಿದ್ದ 268ನೆಯ ಭಾರತೀಯ ಬ್ರಿಗೇಡಿಗೆ ಅದು ಸೇರಿತ್ತು. ಬ್ರಿಗೇಡಿನ ನಾಯಕರು ಕೊಡಗಿನ ಕೆ. ಎಸ್. ತಿಮ್ಮಯ್ಯನವರು, ಮುಂದೆ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಜಪಾನಿನಲ್ಲಿ ಮಿತ್ರಸೇನೆಯ ಯೆನ್ನು. ಅದರ ಮೇಲೆ ದೊಡ್ಡದಾಗಿ ‘ಬಿ’ ಎಂಬ ಅಕ್ಷರ. ಬ್ರಿಟಿಷರ ವಿಶೇಷ ವೋಚರುಗಳು ಕೂಡ ಜಪಾನಿನ ಕಾಮನ್‌ವೆಲ್ತ್ ಸೇನೆಯಲ್ಲಿ, ತರುವಾಯ ಕೊರಿಯಾದಲ್ಲಿ ಬಳಕೆಗೆ ಬಂದುವು. ಭಾರತೀಯ ಪಡೆಗಳು 1947ರಲ್ಲಿ ಜಪಾನಿನಿಂದ ಹಿಂದಿರುಗಿದುವು. ರೂಪಾಯಿ ಆಣೆಗಳಲ್ಲಿ ಮನೆಯ ಲೆಕ್ಕ ಹಾಕುತ್ತಿದ್ದ ಬೆಳಗಾವಿಯ ಪಲ್ಟನಿನ ಸಿಪಾಯಿಯೊಬ್ಬನು ಎರಡು ವರ್ಷಗಳ ಅಂತರದಲ್ಲಿ ಲಿರೆಯನ್ನೂ ಯೆನ್ನನ್ನೂ ಎಣಿಸುವುದನ್ನು ಕಲಿತನೆಂಬುದನ್ನು ನೆನೆದರೆ, ಅವನ ಟ್ರಂಕಿನ ಅಡಿಯಲ್ಲಿ ಉಳಿದಿರಬಹುದಾದ ಒಂದೆರಡು ಮಾಸಿದ ಚೀಟಿಗಳು ಇತಿಹಾಸದ ಪುಟಗಳೇ ಆಗುತ್ತವೆ.

ಮೈಸೂರಿನವರಿಗೂ ಇದರಲ್ಲಿ ಪಾಲುಂಟು. ಸಂಸ್ಥಾನದ ಪದಾತಿ ದಳವು ಮಲಯದ ಯುದ್ಧದಲ್ಲಿದ್ದು 1942ರ ಫೆಬ್ರವರಿಯಲ್ಲಿ ಸಿಂಗಪುರದ ಪತನದೊಡನೆ ಸೆರೆಯಾಯಿತು. ಆ ಮೂರೂವರೆ ವರ್ಷ ಅಲ್ಲಿ ನಡೆದುದು ಜಪಾನೀಯರು ಅಚ್ಚು ಹಾಕಿದ ಡಾಲರು. ಅದರ ಹತ್ತು ಡಾಲರಿನ ನೋಟಿನಲ್ಲಿ ಬಾಳೆಯ ಗೊನೆಯ ಚಿತ್ರವಿದ್ದುದರಿಂದ ಜನರು ಅದನ್ನು ಬಾಳೆಹಣ್ಣಿನ ದುಡ್ಡು ಎಂದರು. ಬರ್ಮೆಗೆ ಅವರೇ ರೂಪಾಯಿಯ ನೋಟುಗಳನ್ನು ಮಾಡಿಸಿದ್ದರು. 1945ರಲ್ಲಿ ಬ್ರಿಟಿಷರು ಹಿಂದಿರುಗಿದಾಗ ಇವೆಲ್ಲ ಒಂದೇ ಘೋಷಣೆಯಿಂದ ರದ್ದಿಯಾದುವು. ಅವುಗಳ ಬದಲಾಗಿ ಬರ್ಮೆಯಲ್ಲಿ ಬಂದುದು ನಮ್ಮ ಭಾರತದ ನೋಟು, ಆರನೆಯ ಜಾರ್ಜ್ ದೊರೆಯ ಭಾವಚಿತ್ರವಿದ್ದದ್ದು. ಆದರೆ ಅದರ ಮೇಲೆ ‘ಬರ್ಮೆಯ ಸೇನಾಡಳಿತ, ಬರ್ಮೆಯಲ್ಲಿ ಮಾತ್ರ ಸಲ್ಲತಕ್ಕದ್ದು’ ಎಂಬ ಅರ್ಥದ ಮೇಲಚ್ಚು. ಒಂದು, ಐದು, ಹತ್ತು, ನೂರು ರೂಪಾಯಿಗಳ ಇಂಥ ನೋಟುಗಳಿವೆ. 1947ರಲ್ಲಿ ಮೇಲಚ್ಚಿನ ಮಾತು ಬದಲಾಗಿ ಬರ್ಮಾ ಕರೆನ್ಸಿ ಬೋರ್ಡಿನ ಹೆಸರು ಬಂದಿತು. ಕಲ್ಕತ್ತೆಯಲ್ಲಿ ಸಲ್ಲುವ ನೋಟು ಒಂದು ಸಾಲಿನ ಮೇಲಚ್ಚಿನಿಂದ ಕಲ್ಕತ್ತೆಯಲ್ಲಿ ಸಲ್ಲದಂತಾಯಿತು. ನಮ್ಮ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕೆ? ಇದನ್ನು ನೋಟಲ್ಲವೆಂದು ಹೇಳುವ ಸಂಗ್ರಾಹಕನನ್ನು ನಾವು ಇದುವರೆಗೆ ಕಂಡಿಲ್ಲ.

ಭಟ್ಕಳ, ಹೊನ್ನಾವರಗಳ ಶ್ರೋತೃಗಳಿಗಾಗಿ ಇನ್ನೊಂದು ಮಾತನ್ನು ಹೇಳಬೇಕು. ಶಾಂತಿಕಾಲದಲ್ಲಿಯೂ ಭಾರತವು ಈ ಬಗೆಯ ನೋಟುಗಳನ್ನು ಹೊರಡಿಸಿದ್ದುಂಟು. ಕುವೈತು, ಬಹರೇನು ಮೊದಲಾದ ಕೊಲ್ಲಿಯ ಪ್ರಾಂತಗಳಲ್ಲಿ ಆ ಕಾಲಕ್ಕೆ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಕಳ್ಳತನದಿಂದ ಇಲ್ಲಿಗೆ ಬಂದ ಚಿನ್ನದ ಬೆಲೆಯಾಗಿ ನಮ್ಮ ನೋಟುಗಳು ಅತ್ತ ಹೋಗಿ, ಅಲ್ಲಿಂದ ವಿದೇಶೀ ನಾಣ್ಯದ ಬೇಡಿಕೆಯಾಗಿ ರಿಸರ್ವ್ ಬ್ಯಾಂಕಿನ ಬಾಗಿಲಿಗೆ ಮರಳುತ್ತಿದ್ದುವು. ಜರ್ಮನಿಯ ಸಿಗರೇಟಿನ ಕಥೆಯೇ ಬೇರೊಂದು ವೇಷದಲ್ಲಿ. 1959ರಲ್ಲಿ ಸರ್ಕಾರವು ಕೊಲ್ಲಿಗೆಂದೇ ಪ್ರತ್ಯೇಕವಾದ ರೂಪಾಯಿಯನ್ನು ಹೊರಡಿಸಿತು. ಚಿತ್ರ ಅದೇ, ಬಣ್ಣ ಬೇರೆ. ಕ್ರಮಸಂಖ್ಯೆಯ ಮುಂದೆ ‘ಝಡ್’ ಎಂಬ ಅಕ್ಷರ. ಭಾರತದೊಳಗೆ ಅದು ಸಲ್ಲದು. ಅದೇ ಕಾಲದಲ್ಲಿ ಮಕ್ಕಾ ಯಾತ್ರಿಕರಿಗೆ ‘ಹಜ್’ ಎಂಬ ಮುದ್ರಣವುಳ್ಳ ಹತ್ತು ಮತ್ತು ನೂರು ರೂಪಾಯಿಯ ನೋಟುಗಳನ್ನೂ ಕೊಟ್ಟರು. ಕುವೈತು 1961ರಲ್ಲಿ, ಬಹರೇನು 1965ರಲ್ಲಿ ಸ್ವಂತ ನಾಣ್ಯವನ್ನು ಹೊರಡಿಸಿದುವು. ಉಳಿದ ಪ್ರಾಂತಗಳೂ 1970ರೊಳಗೆ ರೂಪಾಯಿಯನ್ನು ಬಿಟ್ಟುವು. ಈ ನೋಟುಗಳು, ವಿಶೇಷವಾಗಿ ನೂರು ರೂಪಾಯಿಯವು, ಇಂದು ಬಹು ದುರ್ಲಭ. ಅಜ್ಜನು ಹಡಗು ಹತ್ತಿ ಹಜ್‌ಗೆ ಹೋಗಿಬಂದ ಮನೆಗಳಲ್ಲಿ ಹಳೆಯ ಕಾಗದಪತ್ರಗಳನ್ನು ಸುಡುವ ಮುನ್ನ ಒಮ್ಮೆ ನೋಡುವುದು ಒಳ್ಳೆಯದು.

ಇನ್ನು ಸಂಗ್ರಹದ ವಿಷಯ. ಬ್ರಿಟಿಷರ ಈಚಿನ ಸರಣಿಗಳ ವೋಚರುಗಳು ಉಪಯೋಗಕ್ಕೇ ಬಾರದೆ ಕಟ್ಟುಕಟ್ಟಾಗಿ ಉಳಿದಿದ್ದು, ಆಮೇಲೆ ಮಾರುಕಟ್ಟೆಗೆ ಬಂದುವು. ಆದುದರಿಂದ ಅವು ಅಚ್ಚಿನ ಮನೆಯಿಂದ ಈಗತಾನೆ ಬಂದಂತೆ ಗರಿಗರಿಯಾಗಿದ್ದು, ಅಲ್ಪಬೆಲೆಗೆ ದೊರೆಯುತ್ತವೆ. ಹೊಸದಾಗಿ ಈ ಹವ್ಯಾಸವನ್ನು ಕೈಗೊಂಡ ನಮ್ಮ ವಿದ್ಯಾರ್ಥಿಗಳು ಇಂಥವುಗಳನ್ನು ತಂದು ಹೆಮ್ಮೆಯಿಂದ ತೋರಿಸುವುದುಂಟು. ನಾವು ಅವರ ಉತ್ಸಾಹವನ್ನು ಕುಗ್ಗಿಸುವುದಿಲ್ಲ. ಆದರೂ, ಯಾರ ಜೇಬನ್ನೂ ಕಾಣದ ಹತ್ತು ಗರಿಗರಿ ಚೀಟಿಗಳಿಗಿಂತ ನಾಲ್ಕು ಮಡಿಕೆ ಬಿದ್ದು, ಅಂಚು ಹರಿದು, ಹಿಂಬದಿಯಲ್ಲಿ ಯಾರದೋ ಹೆಸರನ್ನು ಬರೆದಿರುವ 1946ರ ಒಂದು ಷಿಲಿಂಗಿನ ಚೀಟಿಯು ಹೆಚ್ಚಿನದೆಂದು ನಮ್ಮ ಭಾವನೆ. ವ್ಯಾಪಾರಿಗಳ ಮಾನದಂಡ ಇದಕ್ಕೆ ನೇರವಾಗಿ ವಿರುದ್ಧ. ಮಡಿಕೆಗೊಂದರಂತೆ ಅವರು ಬೆಲೆಯನ್ನು ಇಳಿಸುತ್ತಾರೆ. ಇಳಿಸಲಿ, ಕೊಳ್ಳುವವರಿಗೆ ಅನುಕೂಲವೇ ಆಯಿತು.

ಕೃತಕಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಜಪಾನೀಯರ ನೋಟುಗಳ ಮರುಮುದ್ರಣಗಳು ಹೇರಳವಾಗಿವೆ. ಈಚಿನ ಕಾಗದದಲ್ಲಿ ಬಿಳುಪಿಗಾಗಿ ಸೇರಿಸುವ ರಾಸಾಯನಿಕವು ಅತಿನೇರಳೆ ದೀಪದ ಕೆಳಗೆ ನೀಲಿಯಾಗಿ ಹೊಳೆಯುವುದರಿಂದ ಅವನ್ನು ಗುರುತಿಸಬಹುದು. ಬರ್ಮೆಯ ಮೇಲಚ್ಚಿನ ನೋಟುಗಳಲ್ಲಿ ಮೋಸವು ಇನ್ನೂ ಸುಲಭ, ಏಕೆಂದರೆ ನೋಟು ನಿಜವಾದದ್ದೇ, ಮೇಲಚ್ಚು ಮಾತ್ರ ಹೊಸದು. ಭೂತಗನ್ನಡಿಯಲ್ಲಿ ಮಡಿಕೆಯ ಗೆರೆಯನ್ನು ಪರೀಕ್ಷಿಸಬೇಕು. ಚಲಾವಣೆಗೆ ಮೊದಲು ಬಿದ್ದ ಮೇಲಚ್ಚಾದರೆ ಮಡಿಕೆಯಲ್ಲಿ ಮಸಿಯೂ ಕಾಗದದೊಡನೆ ಸವೆದಿರುತ್ತದೆ. ಆಮೇಲೆ ಒತ್ತಿದ್ದಾದರೆ ಮಸಿಯು ಮಡಿಕೆಯ ಸೀಳಿನೊಳಕ್ಕೆ ಇಳಿದಿರುತ್ತದೆ. ಖಚಿತವಾದ ಮಾದರಿಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ ರೆಜ್ವಾನ್ ರಜಾಕರು 2020ರಲ್ಲಿ ತೆರೆದ ಭಾರತೀಯ ಕಾಗದದ ಹಣದ ಸಂಗ್ರಹಾಲಯವಿದೆ. ಅವರೂ ಕಿಶೋರ್ ಝುನ್‌ಝುನ್‌ವಾಲಾ ಅವರೂ ಸೇರಿ 2012ರಲ್ಲಿ ಪ್ರಕಟಿಸಿದ ಪಟ್ಟಿಯು ಭಾರತದ ನೋಟುಗಳ ವಿಷಯದಲ್ಲಿ ಕೈಪಿಡಿಯಂತಿದೆ.

ಕರಾವಳಿಯಲ್ಲಿ ಕಾಗದವನ್ನು ಕಾಪಾಡುವುದು ಒಂದು ತಪಸ್ಸು. ಬಾಡ, ಕುಮಟೆಗಳ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ನಾಲ್ಕು ತಿಂಗಳು ಗೋಡೆಗಳೂ ಬೆವರುತ್ತವೆ. ಜ್ಯೇಷ್ಠದಲ್ಲಿ ಮುಚ್ಚಿಟ್ಟ ಪುಸ್ತಕವನ್ನು ಭಾದ್ರಪದದಲ್ಲಿ ತೆರೆದರೆ ಬೂಷ್ಟಿನ ವಾಸನೆ. ಗೆದ್ದಲಿನ ಮಾತು ಹೇಳುವುದೇ ಬೇಡ. ತಗಡಿನ ಟ್ರಂಕು ಗೆದ್ದಲನ್ನು ತಡೆಯುತ್ತದೆ, ಆದರೆ ತೇವವನ್ನು ಒಳಗೇ ಸೆರೆಹಿಡಿಯುತ್ತದೆ. ಅದರ ತುಕ್ಕು ಕಾಗದಕ್ಕೆ ಅಂಟಿದರೆ ಹೋಗದು. ಅಗ್ಗದ ಪ್ಲಾಸ್ಟಿಕ್ಕಿನ ಹಾಳೆಗಳು ಕೆಲವು ವರ್ಷಗಳಲ್ಲಿ ಜಿಗುಟಾಗಿ ಮಸಿಯನ್ನೇ ಎತ್ತಿಕೊಳ್ಳುತ್ತವೆ. ಅಂಟುಪಟ್ಟಿ ಹಚ್ಚುವುದು, ಬಿಸಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಬೆಸೆಯಿಸುವುದು, ಸಾಬೂನಿನಿಂದ ತೊಳೆದು ಇಸ್ತ್ರಿ ಮಾಡುವುದು, ಇವು ಮೂರೂ ಕಾಗದದ ಕೊಲೆಗೆ ಸಮಾನ. ಆಮ್ಲರಹಿತವಾದ ಕಾಗದದ ಲಕೋಟೆಯೊಳಗಿಟ್ಟು, ಗಾಳಿಯಾಡುವ ಮರದ ಕಪಾಟಿನಲ್ಲಿ ನೆಲದಿಂದಲೂ ಹೊರಗೋಡೆಯಿಂದಲೂ ದೂರವಾಗಿ ಇರಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಸಿಲು ಬಿದ್ದ ದಿನ ನೆರಳಿನಲ್ಲಿ ತೆರೆದು ನೋಡಿದರೆ ಸಾಕು.

ಚೀಟಿಗಿಂತ ಬೇಗ ನಾಶವಾಗುವುದು ಅದರ ಕಥೆ. ಆ ಪಲ್ಟನುಗಳಲ್ಲಿದ್ದವರು ಬಹುಮಟ್ಟಿಗೆ ಕಾಲವಾಗಿದ್ದಾರೆ. ಅವರ ಮಕ್ಕಳು ಮುದುಕರಾಗಿದ್ದಾರೆ. ಮೊಮ್ಮಕ್ಕಳು ಮನೆಯನ್ನು ಮಾರುವಾಗ ಅಟ್ಟದ ಟ್ರಂಕು ಗುಜರಿಯವನ ಗಾಡಿಗೆ ಹೋಗುತ್ತದೆ. ಅಲ್ಲಿಂದ ಚೀಟಿಯು ಹೇಗೋ ಸಂಗ್ರಾಹಕನ ಕೈಸೇರಿದರೂ, ಅದು ಒಕಾಯಾಮದಿಂದ ಯಾರ ಜೇಬಿನಲ್ಲಿ ಬಂದಿತೆಂಬುದು ದಾರಿಯಲ್ಲಿಯೇ ಬಿದ್ದುಹೋಗುತ್ತದೆ. ಆದಕಾರಣ ಇಂಥ ಕಾಗದವು ಮನೆಯಲ್ಲಿ ಇರುವವರು ಅದನ್ನು ಮಾರಲಿ, ಉಳಿಸಿಕೊಳ್ಳಲಿ, ದಾನವಾಗಿ ಕೊಡಲಿ, ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸವನ್ನು ಮಾಡಬೇಕೆಂದು ನಮ್ಮ ವಿಜ್ಞಾಪನೆ. ಮನೆಯ ಹಿರಿಯರನ್ನು ಕೇಳಿ, ತಂದವರ ಹೆಸರು, ಊರು, ಪಲ್ಟನು, ಹೋದ ದೇಶ, ಹಿಂದಿರುಗಿದ ವರ್ಷ, ಇಷ್ಟನ್ನು ಬರೆದಿಡಬೇಕು. ಚೀಟಿಯ ಮೇಲೆ ಬರೆಯಲಾಗದು. ಲಕೋಟೆಯ ಮೇಲೆ, ಚೀಟಿಯನ್ನು ಒಳಗಿಡುವುದಕ್ಕೆ ಮೊದಲು, ಸೀಸದ ಕಡ್ಡಿಯಿಂದ ಬರೆಯಬೇಕು. ಮಸಿಯಾದರೆ ನಮ್ಮ ಕಡೆಯ ಮಳೆಗಾಲದಲ್ಲಿ ಹರಡಿಕೊಳ್ಳುತ್ತದೆ.